ನಮ್ಮ ಕಾವ್ಯ ಪ್ರೆಸ್ಸಿನ ಸಗಟು ಓದುಗ

ಕವಿತೆ ಬರೆಯುವವನನ್ನು ಲೋಕ ಹೇಗೋ ಸಹಿಸಿಕೊಳ್ಳುತ್ತದೆ. ಅದನ್ನು ಅಚ್ಚು ಹಾಕುವವನನ್ನು ಕಟ್ಟಿಕೊಂಡ ಹೆಂಡತಿಯೂ ಸಹಿಸುವುದಿಲ್ಲ. ಇದು ನನ್ನ ಸ್ವಂತ ಅನುಭವ. ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಇನ್ನು ಕನ್ನಡದ್ದೇ ಕಾಲ ಎಂಬ ಹುರುಪಿನಲ್ಲಿ ಊರಿನ ಕವಿಗಳೆಲ್ಲ ಸೇರಿ ಒಂದು ಪ್ರೆಸ್ಸು ಮಾಡಿದೆವು. ಕವಿಗಳೆಲ್ಲ ಎಂದರೆ ಹೈಸ್ಕೂಲು ಮೇಷ್ಟರಾದ ನಾನು, ಮಗ್ಗದ ಮುಂದೆ ಕೂತೇ ಪ್ರಾಸ ಹೊಂದಿಸುವ ಗೆಳೆಯ ನಂಜುಂಡಶೆಟ್ಟಿ, ಮತ್ತು ನಾವು ಓದಿದ್ದಕ್ಕೆಲ್ಲ ‘ಆಹಾ’ ಎನ್ನಬೇಕೆಂಬ ಒಪ್ಪಂದದ ಮೇಲೆ ಸೇರಿಸಿಕೊಂಡ ಇನ್ನು ನಾಲ್ಕೈದು ಮಂದಿ. ಕಾಲಿನಲ್ಲಿ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡ್ಲೊಂದನ್ನು ತಂದು ನಮ್ಮ ನಡುಮನೆಯಲ್ಲಿಟ್ಟೆವು. ಮೊದಲ ಪುಸ್ತಕ ನನ್ನದೇ ಆಗಬೇಕೆಂದು ಎಲ್ಲರೂ ಒತ್ತಾಯಿಸಿದರು. ಮನೆ ನನ್ನದಲ್ಲವೇ!

ಅಚ್ಚಾದದ್ದು ಆಯಿತು, ಕೊಳ್ಳುವವರೇ ಹುಟ್ಟಲಿಲ್ಲ. ಹನೂರಿನಲ್ಲಿ ಸಂತೆಯ ದಿನ ಒಂದು ಮೂಲೆಯಲ್ಲಿ ನಿಂತು ಗಟ್ಟಿಯಾಗಿ ಕವಿತೆ ಓದಿದೆ. ಹರಾಜು ಕೂಗುತ್ತಿದ್ದೇನೆಂದು ತಿಳಿದ ಒಬ್ಬಾತ ಮೂರನೆಯ ಪದ್ಯದವರೆಗೂ ತಾಳ್ಮೆಯಿಂದ ಕಾದು, “ಅದೆಲ್ಲ ಇರ್ಲಿ, ಕೊನೇ ರೇಟು ಏಳಿ ಸಾ” ಎಂದ. ಪುಸ್ತಕದ ಕಟ್ಟುಗಳು ನಡುಮನೆಯಿಂದ ದೇವರ ಗೂಡಿನವರೆಗೂ ಬೆಳೆದವು.

“ನೀವು ಬರೆಯೋದನ್ನ ನಾನು ಬೇಡ ಅನ್ನಲ್ಲ,” ಎಂದಳು ನನ್ನ ಹೆಂಡತಿ ಕಮಲ. “ಕಾಲು ಚಾಚಿ ಮಲಗೋಕೆ ಜಾಗ ಬಿಟ್ಟು ಬರೀರಿ ಅಂತೀನಿ. ದೀಪಾವಳಿ ಒಳಗೆ ಈ ಕಟ್ಟು ಖಾಲಿಯಾಗಲಿಲ್ಲ ಅಂದ್ರೆ ನಿಮ್ಮ ಟ್ರೆಡ್ಲು ಬೀದೀಲಿರುತ್ತೆ.”

ಅವಳು ಹೇಳಿದ್ದನ್ನು ಮಾಡುವ ಹೆಂಗಸು. ನಾನು ಕಂಗಾಲಾಗಿದ್ದಾಗಲೇ ಯಳಂದೂರು ಕಡೆಯ ಪುಟ್ಟಮಾದಪ್ಪ ಎಂಬ ರೈತರು ಬಾಗಿಲಿಗೆ ಬಂದರು. ಪುಸ್ತಕ ತೆಗೆದುಕೊಂಡು, ಒಂದು ಹಾಳೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, “ಚೆಂದಾಗದೆ ಸಾ, ಒಂದು ಕಟ್ಟು ಕೊಡಿ” ಎಂದರು. ಕಟ್ಟು! ಒಂದು ಪ್ರತಿ ಕೊಳ್ಳುವವನನ್ನೇ ಕಾಣದ ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ವಾರ ಕಳೆಯುವುದರೊಳಗೆ ಬಸ್ಸಿನ ಕಂಡಕ್ಟರ ಕೈಲಿ ಹೇಳಿ ಕಳಿಸಿದರು: “ಇನ್ನೂ ಬೇಕಂತೆ.”

ಇಂಥ ರಸಿಕರಿಗೆ ಪುಸ್ತಕವನ್ನು ಬಸ್ಸಿನಲ್ಲಿ ಎಸೆದು ಕಳಿಸುವುದೇ? ನಾನೇ ಹೊರಟೆ. ಮದುವೆಯ ಶಲ್ಯ ಹೊದ್ದೆ. ಕೇಳಿದರೆ ಹಾಡಲು ಎರಡು ಕವಿತೆಗಳಿಗೆ ದಾರಿಯುದ್ದಕ್ಕೂ ರಾಗ ಕೂಡಿಸಿಕೊಂಡೆ.

ಪುಟ್ಟಮಾದಪ್ಪನವರು ಬಾಗಿಲಲ್ಲೇ ಎದುರುಗೊಂಡು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಬಿದಿರಿನ ಅಟ್ಟಣೆಯ ಮೇಲೆ ಸಾಲುಸಾಲು ತಟ್ಟೆ. ಪ್ರತಿ ತಟ್ಟೆಯಲ್ಲೂ ಹೊಲಿಗೆ ಬಿಚ್ಚಿ ಹಾಸಿದ ನನ್ನ ಕವಿತೆಗಳು. ಅವುಗಳ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ರೇಷ್ಮೆ ಹುಳು.

ಬಗ್ಗಿ ನೋಡಿದೆ. ಸಾವಿರಾರು ಹುಳುಗಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತಿದ್ದವು. ಅಂಥ ತಲ್ಲೀನ ಸಭೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

“ಏನಾಗಿದೆ ಇವಕ್ಕೆ?” ಎಂದೆ, ಮೆಲ್ಲಗೆ.

“ಜ್ವರಕ್ಕೆ ಕುಂತವೆ ಸಾ.”

“ಅಯ್ಯೋ! ನನ್ನ ಕವಿತೆಯಿಂದಲೇ?”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಲ್ಲ ಕಣ್ರಿ! ಮೈಪೊರೆ ಬಿಡೋಕ್ಮುಂಚೆ ಇಂಗೇ ಉಪಾಸ ಕುಂತ್ಕತವೆ. ಅದ್ಕೆ ನಾವು ಜ್ವರ ಅಂತೀವಿ. ನಮ್ಮೂರಲ್ಲಿ ಹಳೇ ಪೇಪರು ಸಿಕ್ಕಾಕಿಲ್ಲ, ಎಲ್ಲಾ ಅಂಗಡಿಯೋರು ಪೊಟ್ಲ ಕಟ್ಟಾಕೆ ಮಡೀಕತಾರೆ. ಅದ್ಕೇ ನಿಮ್ಮ ತಾವ ಬಂದೆ.”

ಮಜ್ಜಿಗೆ ಕೊಟ್ಟರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಹೊರಡುವಾಗ ಸಮಾಧಾನದ ದನಿಯಲ್ಲಿ, “ಬ್ಯಾಸರ ಮಾಡ್ಕಬ್ಯಾಡಿ ಸಾ. ಕಾಗ್ದ ಬಾಳ ಚೆಂದಾಗದೆ. ಮಸಿ ವಾಸ್ನೆಗೆ ಉಳ ಒಸಿ ಇಂದೇಟು ಆಕ್ತವೆ, ಅಷ್ಟೇಯ. ಮುಂದಿನ ಪುಸ್ತಕದಲ್ಲಿ ಅಕ್ಸರ ಕಮ್ಮಿ ಮಾಡಿಸ್ಬುಡಿ, ಎಲ್ಲಾ ನಾನೇ ತಕತೀನಿ” ಎಂದರು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ನಂಜುಂಡಶೆಟ್ಟಿ ಕಾಯುತ್ತಿದ್ದ. “ಎಂಗಿತ್ತು ಮೇಷ್ಟ್ರೇ? ಓದ್ತಾವ್ರಾ?” ಎಂದ.

“ಬಿಡಿಸಿ ಹರಡಿಕೊಂಡೇ ಇದ್ದಾರಪ್ಪ,” ಎಂದೆ.

ಉಳಿದ ಕಟ್ಟುಗಳೂ ಯಳಂದೂರಿನ ಬಸ್ಸು ಹತ್ತಿ, ದೀಪಾವಳಿಗೆ ನಡುಮನೆ ಖಾಲಿಯಾಯಿತು. ಕಮಲ ಅಲ್ಲಿ ರಂಗೋಲಿ ಬಿಟ್ಟಳು, ಟ್ರೆಡ್ಲು ಉಳಿಯಿತು. ಎರಡನೆಯ ಸಂಕಲನದ ಮಾತು ಬಂದಾಗ ನಾನು ಬಳಗಕ್ಕೆ ಒಂದೇ ಸಲಹೆ ಕೊಟ್ಟೆ: ಪುಟಕ್ಕೆ ನಾಲ್ಕು ಸಾಲು ಸಾಕು, ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಡೋಣ. ಹೊಸ ಕಾಲದ ಕಾವ್ಯವೆಂದರೆ ಹೀಗೇ ಇರಬೇಕೆಂದು ಎಲ್ಲರೂ ‘ಆಹಾ’ ಎಂದರು. ಅಂದಿನಿಂದ ನಮ್ಮ ಸೀಮೆಯಲ್ಲಿ ನನಗೆ ಮಿತಭಾಷೆಯ ಕವಿ ಎಂಬ ಹೆಸರು ಬಂದಿದೆ. ಮೌನಕ್ಕೆ ಅರ್ಥ ತುಂಬುವುದು ಹೇಗೆಂದು ಕಿರಿಯರು ಕೇಳಲು ಬರುತ್ತಾರೆ. ನಾನೂ ಗಂಭೀರವಾಗಿ ಹೇಳಿಕೊಡುತ್ತೇನೆ.