ಗೊಂಜಾಳದ ಮಾಮಾ ನೋಡಿದ ಸಂಬಂಧ

ನಮ್ಮ ಮಾಮಾ ಯಾರ ಮನೆಗೆ ಹೋದರೂ ಮಕ್ಕಳನ್ನು ನೋಡುವುದಿಲ್ಲ, ಅಪ್ಪ-ಅಮ್ಮನನ್ನು ನೋಡುತ್ತಾನೆ. ಮಕ್ಕಳು ಹೇಗಿದ್ದಾರೆಂದು ಅವನೇ ಹೇಳುತ್ತಾನೆ! ಇದು ಹುಚ್ಚೇ? ತೀರ್ಪು ನನ್ನ ಕೆಲಸವಲ್ಲ; ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅವನು ನಮ್ಮವ್ವನ ತಮ್ಮ. ಆಲಮಟ್ಟಿ ಕಾಲುವೆಗೆ ನೀರು ಬಂದ ಹೊಸತರಲ್ಲಿ ಬೀಜದ ಕಂಪನಿಯೊಂದರ ಹೊಲಗಳಲ್ಲಿ ಕೆಲಸಕ್ಕೆ ಸೇರಿದ. ಬೆಳೆ ಗೋವಿನಜೋಳ, ನಮ್ಮವರ ಬಾಯಲ್ಲಿ ಗೊಂಜಾಳ. ತನ್ನ ಪರಾಗವನ್ನೇ ತನ್ನ ತೆನೆಗೆ ಹಾಕುತ್ತ ವರ್ಷಗಟ್ಟಲೆ ಬೆಳೆಸಿದ ತಳಿಗಳು ಅಲ್ಲಿ ಸೊರಗಿ ನಿಂತಿರುತ್ತಿದ್ದವು. ಅಂಥ ಎರಡನ್ನು ಕೂಡಿಸಿದರೆ ಹುಟ್ಟುವ ಹೈಬ್ರಿಡ್ ಹೇಗಿರುತ್ತದೆ? ಬಿತ್ತುವ ಮೊದಲೇ ಅದನ್ನು ಹೇಳುವುದು ಮಾಮಾನ ಚಟ. ದರ್ಜಿಯ ಟೇಪು ಹಿಡಿದು ಗಿಡದ ಎತ್ತರ, ತೆನೆಯ ಉದ್ದ ಅಳೆಯುತ್ತ ಒಂದು ಕಡೆ ನಿಂತವನಲ್ಲ. ಬೆಳಿಗ್ಗೆ ಇಂಡಿ, ಮಧ್ಯಾಹ್ನ ಸಿಂದಗಿ!

ಒಮ್ಮೆ ಅವನ ಸಾಹೇಬರು ಎರಡು ಚೆಂದದ ತಳಿಗಳನ್ನು ಕೂಡಿಸಲು ಹೊರಟರು.

"ಇವು ಅಕ್ಕ-ತಮ್ಮ ಇದ್ದಂಗ ಅದಾವ್ರಿ ಸಾಹೇಬ್ರ. ಮಗನೂ ಅಷ್ಟಕ್ಕಷ್ಟ. ಆ ಕುಳ್ಳಿಗೆ ಈ ಸಣಕಲನ್ನ ಗಂಟು ಹಾಕ್ರಿ," ಎಂದ.

ಎರಡೂ ಜೋಡಿ ಮಾಡಿ ನೋಡಿದರು. ಚೆಂದದವರ ಮಗ ಸಪ್ಪೆ; ಕುಳ್ಳಿಯ ಮಗ ಆಳೆತ್ತರ ಮೀರಿದ! ತಪ್ಪಿದ್ದೂ ಉಂಟು, ಅದೂ ದಾಖಲಾಗಲಿ. ಮುದ್ದೇಬಿಹಾಳದಲ್ಲಿ ಅವನು ಹೊಗಳಿದ್ದ ಹೈಬ್ರಿಡ್ ದಪ್ಪ ತೆನೆ ಹೊತ್ತು, ಒಂದೇ ಗಾಳಿಗೆ ಅಡ್ಡಬಿದ್ದಿತು.

"ನಾ ತೆನಿ ಹೇಳಿದ್ದೆ, ಕಾಲು ಹೇಳಿದ್ದಿಲ್ಲ!"

ಇಂಥವನನ್ನು ನಮ್ಮ ನೆಂಟರು ಹೆಣ್ಣು ನೋಡಲು ಕರೆದೊಯ್ದರೆ ಏನಾದೀತು? ಹುಡುಗಿಯ ಕಡೆ ತಿರುಗಿಯೂ ನೋಡದೆ ಅವಳಪ್ಪನನ್ನೇ ಹಿಡಿದ.

"ನಿಮ್ಮ ಎತ್ತರ ಎಷ್ಟ್ರಿ? ನಿಮ್ಮಪ್ಪಾರದು? ಈ ಹಲ್ಲು ಎಲ್ಲಾ ನಿಮ್ಮವ ಏನ್ರಿ?"

"ಯಪ್ಪಾ, ಮದುವಿ ನಂದಲ್ರಿ, ಮಗಳದು!"

ನಮ್ಮ ನಗು ನಿಂತದ್ದು ನನ್ನ ತಂಗಿಯ ಮದುವೆಯ ಮಾತು ಬಂದಾಗ. ರೂಢಿಯಂತೆ ಅವಳನ್ನು ಮಾಮಾನ ಮಗನಿಗೇ ಕೊಡಬೇಕೆಂದು ಅವ್ವ ಹಟ ಹಿಡಿದಳು. ಮಾಮಾ ಬಸವನ ಬಾಗೇವಾಡಿಯ ನಮ್ಮ ಮನೆಗೆ ಹೆಂಡತಿಯೊಡನೆ ಬಂದ.

"ಬ್ಯಾಡಕ್ಕಾ. ನಾಲತವಾಡದಾಗ ಹೊರಗಿನ ಹುಡುಗ ಒಬ್ಬ ಅದಾನ, ನೋಡೂಣು."

"ನನ್ನ ಮಗಳೇನು ಗೊಂಜಾಳೇನೋ? ನಿನಗ ನಾನೇ ನಿಂತು ನಮ್ಮ ಸೋದರಮಾವನ ಮಗಳನ್ನ ಮಾಡಿಸೇನಿ. ಏನು ಕಮ್ಮಿ ಆತು?"

ಆ ಮಗಳು, ನಮ್ಮ ಅತ್ತೆ, ಬಾಗಿಲಲ್ಲೇ ನಿಂತಿದ್ದಳು. ಮಾಮಾ ಎದ್ದ, ಕುಳಿತ, ಮತ್ತೆ ಎದ್ದ.

"ಏನೂ ಕಮ್ಮಿ ಆಗಿಲ್ಲ. ಮತ್ತೊಮ್ಮೆ ಮದುವಿ ಆಗಂದ್ರ ಇಕಿನ್ನೇ ಆಗ್ತೇನಿ. ಆದ್ರ ಈ ಮಗನಕಿಂತ ಮುಂಚೆ ಎರಡು ಕೂಸು ಹೋದ್ವಲ್ಲ, ಯಾಕ ಹೋದ್ವು ನನಗ ಗೊತ್ತಿಲ್ಲಕ್ಕಾ. ಗೊಂಜಾಳದಾಗ ಆಗಿದ್ರ ಹೇಳ್ತಿದ್ದೆ. ನಿನ್ನ ಮಗಳು ನಮ್ಮಂಗ ಅದನ್ನ ಕೇಳ್ಕೋತ ಕುಂದ್ರೂದು ಬ್ಯಾಡ."

ಅತ್ತೆ ಬಂದು ಚಾಪೆಯ ಮೇಲೆ ಕುಳಿತಳು. ಅವನೂ ಅವಳ ಪಕ್ಕ ಕುಳಿತ, ಮತ್ತೆ ಏಳಲಿಲ್ಲ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿದಳು:

"ಆ ನಾಲತವಾಡದ ಹುಡುಗ ಏನು ಮಾಡ್ತಾನೋ ತಮ್ಮಾ?"