ಇ ಮೊದಲೋ, ಐ ಮೊದಲೋ

ಇಂಗ್ಲಿಷ್ ಭಾಷೆಯ ಎದುರು ನಿಂತಾಗಲೆಲ್ಲ ನನಗೆ ದೊಡ್ಡ ದೇವಸ್ಥಾನದ ಗೋಪುರದ ಕೆಳಗೆ ನಿಂತಂತಾಗುತ್ತದೆ. ಕತ್ತೆತ್ತಿದಷ್ಟೂ ಹೊಸ ಬೊಂಬೆ. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವನು ನಾನು. ಬರೆಯುವುದೊಂದು, ಓದುವುದೊಂದು ಆಗಿದ್ದೂ ಅರ್ಧ ಪ್ರಪಂಚವನ್ನು ಆಳಿದ ಆ ಭಾಷೆಯ ಧೈರ್ಯಕ್ಕೆ ಕೈಮುಗಿಯಬೇಕೆನ್ನಿಸುತ್ತದೆ. ಅದರಲ್ಲೂ ಐ ಮತ್ತು ಇ ಅಕ್ಕಪಕ್ಕ ಕೂರುವ ಪದಗಳಿವೆಯಲ್ಲ, ಅವುಗಳಿಗಾಗಿ ತುಮಕೂರಿನ ನಮ್ಮ ಮೇಷ್ಟ್ರು ಒಂದು ಸೂತ್ರ ಕೊಟ್ಟಿದ್ದರು: "ಐ ಮೊದಲು, ಇ ಆಮೇಲೆ, ಹಿಂದೆ ಸಿ ಇದ್ದರೆ ಮಾತ್ರ ಅದಲುಬದಲು." ಈ ಸೂತ್ರದ ಬಲದಿಂದಲೇ ನಾನು ಪರೀಕ್ಷೆಗಳನ್ನು ದಾಟಿ, ನೌಕರಿ ಹಿಡಿದು, ಬರೋಡದ ಪಕ್ಕದ ಕೊಯಾಲಿಯ ರಿಫೈನರಿ ಕಾಲೊನಿ ಸೇರಿದೆ ಎಂಬುದು ನನ್ನ ಗಾಢ ನಂಬಿಕೆಯಾಗಿತ್ತು.

ತೊಂಬತ್ತರ ದಶಕದ ಆ ಕಾಲೊನಿಯಲ್ಲಿ ದಕ್ಷಿಣದವರೆಲ್ಲರೂ ಮದ್ರಾಸಿಗಳು, ಮದ್ರಾಸಿಗಳೆಲ್ಲರೂ ಇಂಗ್ಲಿಷ್ ಪಂಡಿತರು. ಪಕ್ಕದ ಮನೆಯ ಜಗದೀಶಭಾಯಿಗೆ ನಾನು ತುಮಕೂರಿನವನೆಂದು ಎಷ್ಟು ಹೇಳಿದರೂ, "ಹಾಂ ಹಾಂ, ಮದ್ರಾಸ್ ಮೇ ತುಮಕೂರು" ಎಂದು ಸಮಾಧಾನ ಮಾಡುತ್ತಿದ್ದರು. ಕಾಲೊನಿಯ ಕ್ಲಬ್ಬಿನಲ್ಲಿ ಮಕ್ಕಳ ಸ್ಪೆಲ್ಲಿಂಗ್ ಸ್ಪರ್ಧೆ ಎಂದು ಗೊತ್ತಾದೊಡನೆ, ನನ್ನ ಮಗಳು ಚೈತ್ರಾಳಿಗೇ ಗೆಲುವಿನ ಕಪ್ ಎಂದು ತೀರ್ಪನ್ನೂ ಕೊಟ್ಟುಬಿಟ್ಟರು. "ಬಾಪ್ ಮದ್ರಾಸಿ ಛೇ, ಪಛೀ ಶುಂ ಚಿಂತಾ?" ಅಪ್ಪನೇ ಮದ್ರಾಸಿಯಾಗಿರುವಾಗ ಇನ್ನೇನು ಚಿಂತೆ ಎಂದು ಅವರಿಗೆ ಅನ್ನಿಸಿದ್ದು ಸಹಜ. ಚಿಂತೆಯೆಲ್ಲ ಅಪ್ಪನ ಪಾಲಿಗೆ ಬಂತು.

ಮಗಳಿಗೆ ಬಿಡುವಿದ್ದದ್ದು ಸಂಜೆಯ ಒಂದೇ ಗಂಟೆ. ಆ ಗಂಟೆಯನ್ನು ಧಾರವಾಡದವಳಾದ ನನ್ನ ಹೆಂಡತಿ ಸುಮಾ ಕನ್ನಡ ಕಲಿಸಲು ಮೀಸಲಿಟ್ಟಿದ್ದಳು. ರಜೆಯಲ್ಲಿ ಊರಿಗೆ ಹೋದಾಗ ಚೈತ್ರಾ ಅಜ್ಜಿಯ ಜೊತೆ ಹಿಂದಿಯಲ್ಲಿ ಮಾತಾಡಿದ್ದಳು. ಅಜ್ಜಿ ಸುಮ್ಮನೆ ನಕ್ಕು ಮೊಮ್ಮಗಳ ತಲೆ ಸವರಿದ್ದರು. ಆ ನಗು ಸುಮಾಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಸ್ಪರ್ಧೆ ಮುಗಿಯುವವರೆಗೆ ಕನ್ನಡ ನಿಲ್ಲಿಸು ಎಂದು ನಾನು ಮೆಲ್ಲಗೆ ಕೇಳಿದೆ.

"ಸ್ಪರ್ಧೆ ಆದಮ್ಯಾಲೆ ಪರೀಕ್ಷೆ ಅಂತೀರಿ, ಪರೀಕ್ಷೆ ಆದಮ್ಯಾಲೆ ಮತ್ತೊಂದು. ಒಮ್ಮೆ ಬಿಟ್ಟರ ಕನ್ನಡ ಹೋತು ಅಂತ ತಿಳೀರಿ."

ಕೊನೆಗೆ ಒಪ್ಪಂದವಾಯಿತು. ಅರ್ಧ ಗಂಟೆ ಅವಳಿಗೆ, ಅರ್ಧ ಗಂಟೆ ನನಗೆ. ನನ್ನ ಸೂತ್ರದಿಂದ ಮಗಳು ಗೆದ್ದರೆ ಇಡೀ ಗಂಟೆ ನನ್ನದು, ಕನ್ನಡಕ್ಕೆ ಬೇಸಿಗೆ ರಜೆಯೇ ಗತಿ; ಇಲ್ಲದಿದ್ದರೆ ಇಡೀ ಗಂಟೆ ಅವಳದು. ಸುಮಾ ಹೂಂ ಎಂದಳೇ ಹೊರತು ಅವಳ ಮುಖ ಬಾಡಿತ್ತು.

ಅವಾಂತರ ಶುರುವಾದದ್ದು ಆಮೇಲೆ. ಅಮ್ಮನ ಪಾಠದಲ್ಲಿ ಚೈತ್ರಾ "ಅ ಆ ಇ ಈ" ಎಂದು ಹಾಡುತ್ತ ಹೊರಟರೆ ಐ ಬರುವ ಹೊತ್ತಿಗೆ ಸ್ವರಗಳೇ ಮುಗಿಯಲು ಬಂದಿರುತ್ತಿದ್ದವು. ಅಲ್ಲಿಂದ ಎದ್ದು ನನ್ನ ಹತ್ತಿರ ಬಂದರೆ ಐ ಮೊದಲು! ಮಗು ಕಂಗಾಲಾಗಿ 'ಫ್ರೆಂಡ್', 'ಬಿಲೀವ್' ಎಲ್ಲದರಲ್ಲೂ ಇ ಮೊದಲು ಬರೆಯತೊಡಗಿತು. ನಾನು ರೇಗಿದೆ: "ನಿನ್ನ ಅಕ್ಷರಮಾಲೆ ನನ್ನ ಸೂತ್ರವನ್ನು ಕೆಡಿಸುತ್ತಿದೆ!"

"ಅಲ್ರೀ, ಸುಮ್ಮಸುಮ್ಮನ ನನ್ನ ಮ್ಯಾಲೆ ಅಪವಾದ ಹೊರಸಬ್ಯಾಡ್ರಿ. ನಮ್ಮಲ್ಲಿ ಇ ಯಾವಾಗಲೂ ಮೊದಲ."

ಸ್ಪರ್ಧೆಯ ದಿನ ನಾನು ಮುಂದಿನ ಸಾಲಿನಲ್ಲೇ ಕೂತೆ. ಪದ ಕೊಡಲು ಬಂದಿದ್ದ ಮೇಡಂ ಮಹಾ ಕಿಲಾಡಿ. 'ಸೀಜ್' ಎಂದರು. ಮೂವರು ಮಕ್ಕಳು ಐ ಮೊದಲು ಹೇಳಿ ಕೆಳಗಿಳಿದರು. ಎಲ್ಲರೂ ಸೂತ್ರ ಕಲಿತ ಜಾಣರೇ. ನಾನೂ ಬಾಯಲ್ಲೇ "ಐ, ಐ" ಎನ್ನುತ್ತಿದ್ದೆ. ಚೈತ್ರಾ ಕಣ್ಣುಮುಚ್ಚಿ ಏನೋ ಗುನುಗಿ, "ಎಸ್, ಇ, ಐ, ಝೆಡ್, ಇ" ಎಂದಳು. ಚಪ್ಪಾಳೆ! ಆಮೇಲೆ 'ಹೈಟ್', 'ಫಾರಿನ್', 'ನೇಬರ್'. ಎಲ್ಲದರಲ್ಲೂ ಇ ಮೊದಲು, ಒಂದೊಂದೂ ನನ್ನ ಸೂತ್ರವನ್ನು ಒದ್ದುಕೊಂಡೇ ಬಂತು. ನಮ್ಮ ಜಗದೀಶಭಾಯಿಯನ್ನು ಇಂಗ್ಲಿಷಿನಲ್ಲಿ ನೆರೆಯವರೆಂದು ಬರೆಯುವಾಗಲೂ ನಾನು ಇಷ್ಟು ದಿನ ತಪ್ಪಿದ್ದೆನೇ! ಕೊನೆಯ ಪದ 'ವಿಯರ್ಡ್'. ವಿಚಿತ್ರ ಎಂಬ ಅರ್ಥದ ಪದವೇ ವಿಚಿತ್ರವಾಗಿ ನಡೆದುಕೊಂಡದ್ದನ್ನು ಕಂಡು ನನ್ನ ಮೈ ಜುಮ್ಮೆಂದಿತು. ಸೂತ್ರ ಪಾಲಿಸುವವರಿಗಿಂತ ಅದನ್ನು ಮೀರಿದವರ ಸಂಖ್ಯೆಯೇ ದೊಡ್ಡದಾಗಿರುವ ಸಾಮ್ರಾಜ್ಯ! ಬೆರಗಿನಿಂದ ಚಪ್ಪಾಳೆ ತಟ್ಟುವುದನ್ನೂ ಮರೆತು ಕೂತಿದ್ದೆ. ಮಗಳ ಕೈಗೆ ಕಪ್ ಬಂದಿತ್ತು.

"ಹೇಗೆ ಹೇಳಿದೆ ಮಗಳೇ?" ಎಂದೆ.

"ಪಪ್ಪಾ, ಕನ್‌ಫ್ಯೂಸ್ ಆಯ್ತು. ಮಮ್ಮಿ ವಾಲಾ ಅ ಆ ಇ ಈ ಹೇಳ್ಕೊಂಡೆ. ಇ ಪೆಹಲೆ ಬಂತು ನಾ!"

ಸುಮಾ ಮಗಳನ್ನು ಅಪ್ಪಿಕೊಂಡಳು, ಕಣ್ಣಲ್ಲಿ ನೀರಿತ್ತು. ಜಗದೀಶಭಾಯಿ ಮಾತ್ರ ಓಡಿಬಂದು ನನ್ನ ಕೈ ಕುಲುಕಿದರು: "ಮದ್ರಾಸಿ ದಿಮಾಗ್!" ನಾನು ಅಲ್ಲಗಳೆಯಲಿಲ್ಲ.

ಮನೆಗೆ ನಡೆಯುತ್ತ, ಸೋಲನ್ನು ಸ್ವಲ್ಪ ಗೌರವದಿಂದ ಒಪ್ಪಿಕೊಳ್ಳೋಣವೆಂದು, "ಏನೇ ಆಗಲಿ, ಪ್ರತಿ ನಿಯಮಕ್ಕೂ ಅಪವಾದ ಇರುತ್ತದೆ" ಎಂದೆ.

"ಮಮ್ಮಿ, ಅಪವಾದ ಅಂದ್ರೆ?" ಎಂದಳು ಚೈತ್ರಾ.

"ಎರಡು ಅರ್ಥ ಅದಾವ ಪುಟ್ಟಿ. ಒಂದು, ನಿಯಮ ಮೀರಿದ್ದು. ಇನ್ನೊಂದು, ನಿಮ್ಮ ಪಪ್ಪಾ ಮೊನ್ನೆ ನನ್ನ ಮ್ಯಾಲೆ ಹೊರಸಿದ್ದು."

ಮರುದಿನದಿಂದ ಇಡೀ ಗಂಟೆ ಕನ್ನಡ ಪಾಠ. ಆ ಹೊತ್ತಿನಲ್ಲಿ ನಾನು ದೊಡ್ಡ ಇಂಗ್ಲಿಷ್ ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಳಗಿಂದ "ಅ ಆ ಇ ಈ" ಕೇಳಿಬಂದಾಗ, ಪತ್ರಿಕೆಯ ಹಿಂದೆ ನನ್ನ ತುಟಿಯೂ ಅದೇ ಕ್ರಮದಲ್ಲಿ ಆಡುತ್ತಿತ್ತು. ಜಗದೀಶಭಾಯಿ ಯಾವ ಪದದ ಸ್ಪೆಲ್ಲಿಂಗ್ ಕೇಳಿಕೊಂಡು ಬರುತ್ತಾರೋ ಯಾರಿಗೆ ಗೊತ್ತು!