ಮುಖ ಮುಚ್ಚುವ ಉದ್ಯೋಗ

ಕಾಲ ಕೆಟ್ಟಿತು, ಎಲ್ಲ ಬದಲಾಯಿತು ಎಂದು ಗೊಣಗುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಮದುವೆಯನ್ನೇ ನಂಬಿ ಬದುಕುವವನು ಬದಲಾವಣೆಗೆ ಮುಖ ಸಿಂಡರಿಸಿಕೊಂಡು ಕೂತರೆ ಹೊಟ್ಟೆಗೇನು ತಿಂದಾನು? ಬೆಟಗೇರಿಯಲ್ಲಿ ನಮ್ಮದು ಹೂವಿನ ಅಂಗಡಿ. ಮದುವೆಯ ಕಾರಿಗೆ ಹೂವು ಬೇಡ, ರಿಬ್ಬನ್ ಸಾಕು ಎಂದರು, ಆತ್ರಿ ಅಂದೆ. ಮಂಟಪಕ್ಕೆ ಪ್ಲಾಸ್ಟಿಕ್ ಗುಲಾಬಿ ತರಿಸು ಎಂದರು, ಆತ್ರಿ ಅಂದೆ. ಮಲ್ಲಸಮುದ್ರದ ಗೌಡರೊಬ್ಬರು ಬಂದು, ಮಾಲೆ ಹಾಕುವಾಗ ಗಂಡು ಹೆಣ್ಣು ಇಬ್ಬರನ್ನೂ ಒಂದು ಯಂತ್ರದ ಮೇಲೆ ನಿಲ್ಲಿಸಿ ಗರಗರ ತಿರುಗಿಸುವುದಿದೆ, ಮಾಲೆ ಹಗುರವಾಗಿರಲಿ ಎಂದರು. ತಿರುಗುವವರಿಗೆ ತಲೆ ಸುತ್ತಿದರೆ ಅದು ಅವರ ಹಣೆಬರಹ. ಅದಕ್ಕೂ ಆತ್ರಿ ಅಂದೆ. ಓಣಿಯ ಹುಡುಗರು ನನಗೆ ‘ಆತ್ರಿ ಸಾಬ್ರು’ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಕೇಳಿ ಒಳಗೊಳಗೇ ಹಿಗ್ಗಿದ್ದೇನೆ, ಸುಳ್ಳೇಕೆ ಹೇಳಲಿ.

ಆದರೆ ನಮ್ಮ ಮನೆತನದ ಅಸಲು ಕಸುಬು ಸೆಹರಾ ಕಟ್ಟುವುದು. ನಮ್ಮ ಜನರ ಮದುವೆಗಳಲ್ಲಿ ಮದುಮಗನ ಹಣೆಗೆ ಕಟ್ಟಿ ಮೊಳಕಾಲವರೆಗೆ ಇಳಿಬಿಡುವ ಹೂವಿನ ಮುಸುಕು ಅದು. ಎಳೆಎಳೆಯಾಗಿ ಮಲ್ಲಿಗೆ, ನಡುನಡುವೆ ಗುಲಾಬಿ, ತುದಿಗೆ ಜರಿಯ ಕುಚ್ಚು. ನನ್ನ ಮದುವೆಗೆ ನಮ್ಮ ಅಬ್ಬಾ ತಾವೇ ಲಕ್ಷ್ಮೇಶ್ವರಕ್ಕೆ ಹೋಗಿ ಮಲ್ಲಿಗೆ ಆರಿಸಿ ತಂದು ಕಟ್ಟಿದ್ದರು. ಖಾಜಿಗಳು ಕಬೂಲೇ ಎಂದು ಕೇಳಿದಾಗ ಹೆದರಿಕೆಗೆ ನನ್ನ ಗದ್ದ ನಡುಗುತ್ತಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಶಿರಹಟ್ಟಿಯ ಬೀಗರೆಲ್ಲ ಎದುರಿಗೇ ಕೂತಿದ್ದರು; ಹೂವಿನ ಹಿಂದೆ ಏನು ನಡೆದಿದೆ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಹುಡುಗ ಭಾಳ ಧೈರ್ಯವಂತ ಎಂದು ನನ್ನ ಮಾವನವರು ಸಾಯುವವರೆಗೂ ಹೇಳುತ್ತಿದ್ದರು. ನನ್ನ ಹೆಂಡತಿ ಮುಮ್ತಾಜಳೂ ಅದನ್ನು ನಂಬಿಕೊಂಡೇ ಸಂಸಾರ ಮಾಡಿದಳು.

ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಬಾನಾ ತೊಟ್ಟಿಲಲ್ಲಿದ್ದಾಗಲೇ ಅವಳ ಗಂಡನಿಗೆ ಎಂಥ ಸೆಹರಾ ಕಟ್ಟಬೇಕೆಂದು ಮನಸ್ಸಿನಲ್ಲಿ ಒಂದು ನಮೂನೆ ಮಾಡಿಟ್ಟಿದ್ದೆ. ಊರಿನ ಎಷ್ಟೋ ಅಳಿಯಂದಿರಿಗೆ ಕಟ್ಟಿದೆ, ಆ ನಮೂನೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಹೋದ ವರ್ಷ ಅವಳ ಮದುವೆ ಮುಂಡರಗಿಯ ಇರ್ಫಾನನ ಜೊತೆ ನಿಶ್ಚಯವಾಯಿತು. ಟೈರಿನ ಅಂಗಡಿ ಇಟ್ಟುಕೊಂಡಿರುವ, ಮಾತು ಕಡಿಮೆಯ ಹುಡುಗ. ಮದುವೆ ಹತ್ತಿರ ಬಂದಾಗ ಒಂದು ದಿನ ನನ್ನ ಅಂಗಡಿಗೆ ಬಂದು, ಚಪ್ಪಲಿ ಬಿಟ್ಟು, ನೆಲ ನೋಡುತ್ತ ಕೂತ. ಚಹಾ ಆರಿಹೋದ ಮೇಲೆ ಬಾಯಿ ಬಿಟ್ಟ.

“ಮಾಮಾ, ತಪ್ಪ ತಿಳಕೋಬ್ಯಾಡ್ರಿ. ಸೆಹರಾ ಕಟ್ಟಿದ್ರ ವಿಡಿಯೋದಾಗ ಮುಖಾ ಕಾಣಂಗಿಲ್ಲ. ನಾ ಬರೇ ಪೇಟಾ ಸುತಗೋತೀನ್ರಿ.”

ನನ್ನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಬಾಯಿ ಮಾತ್ರ ರೂಢಿಯಂತೆ ಆತು ಅಂದುಬಿಟ್ಟಿತು.

ನಮ್ಮ ಮನೆಯ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ನೆರೆಯವರಿಗೂ ಪಾಲ್ಗೊಳ್ಳಲು ಅನುಕೂಲವಾಗಲೆಂದು. ಆ ದಿನ ಊಟದ ಮುಂದೆ ಕೂತು, ಟೈರು ಮಾರುವವನಿಗೆ ಹೂವಿನ ಬೆಲೆ ಏನು ಗೊತ್ತು, ನನ್ನ ಕಸುಬನ್ನೇ ಬೇಡವೆಂದವನು ನನಗೆ ಅಳಿಯ ಹೇಗಾದಾನು ಎಂದೆಲ್ಲ ಕೂಗಾಡಿ ತಟ್ಟೆ ಸರಿಸಿದೆ. ಮುಮ್ತಾಜ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಮಂದಿ ಬ್ಯಾಡಂದ್ರ ಆತ್ರಿ ಅಂತೀರಿ, ಅಳಿಯಾ ಬ್ಯಾಡಂದ್ರ ಉಣ್ಣೂದು ಬಿಡ್ತೀರಿ. ಬದಲಾವಣಿ ಅನ್ನೂದು ಬರೇ ಮಂದಿ ಮನೀಗೆ ಬರಬೇಕೇನು?”

ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡೆ. ಆಗ ಶಬಾನಾ ಬಂದು ಪಕ್ಕಕ್ಕೆ ಕೂತಳು. ಸೆಹರಾ ಬೇಡವೆಂದದ್ದು ಅವನಲ್ಲವಂತೆ, ಇವಳಂತೆ.

“ಅಬ್ಬಾ, ನಿಕಾ ಹೊತ್ತಿನ್ಯಾಗ ನಾ ಒಳಗಿನ ಖೋಲ್ಯಾಗ ಕುಂತಿರ್ತೀನಿ. ಕಬೂಲ್ ಅನ್ನೂವಾಗ ಅವರ ಮುಖಾ ಹೆಂಗಿತ್ತಂತ ಆಮ್ಯಾಲರೆ ನೋಡಬೇಕಲ್ಲ ನಾನು.”

ಇವಳ ತಾಯಿ ನನ್ನ ಆ ಮುಖವನ್ನು ಎಂದೂ ನೋಡಿರಲಿಲ್ಲ; ನೋಡಬೇಕೆಂದು ಅವಳಿಗೂ ಅನ್ನಿಸಿದ್ದಿರಬಹುದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಲೋಕಕ್ಕೆಲ್ಲ ಸಲೀಸಾಗಿ ಹೇಳಿದ ಆತು ಎಂಬ ಮಾತು ಆಗ ಬಾಯಿಗೆ ಬರಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟೆ.

ನಿಕಾ ಚೆನ್ನಾಗಿ ನಡೆಯಿತು. ಕಬೂಲ್ ಅನ್ನುವಾಗ ಇರ್ಫಾನನ ಗದ್ದವೂ ನಡುಗಿತು, ಎಲ್ಲರೆದುರಿಗೇ. ಪಾಪ, ಒಳ್ಳೆಯ ಹುಡುಗ ಅಂದುಕೊಂಡೆ. ಮುಂದೆ ಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಶಬಾನಾ ಕೊರಳಿಗೆ ಬಿದ್ದದ್ದೇ ತಡ, ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಸದ್ದಾಗಿ ಅತ್ತೆ, ಮೂಗು ಸೋರುವಂತೆ ಅತ್ತೆ. ಕ್ಯಾಮೆರಾದವನು ಗೇಣು ದೂರದಲ್ಲಿ ನಿಂತಿದ್ದ. ಎಡಕ್ಕೆ ತಿರುಗಿದರೆ ಎಡಕ್ಕೆ ಬಂದ, ಬಲಕ್ಕೆ ತಿರುಗಿದರೆ ಬಲಕ್ಕೆ ಬಂದ. ಮುಖ ಮರೆಮಾಡಲು ಕಾರಿನತ್ತ ಹೋದೆ. ಕಾರಿಗೆ ರಿಬ್ಬನ್ ಕಟ್ಟಿತ್ತು. ಹೂವಿನವನ ಮಗಳ ಮದುವೆಯಲ್ಲಿ ಅಡ್ಡ ಹಿಡಿಯಲು ನನಗೊಂದು ಎಳೆ ಮಲ್ಲಿಗೆ ಸಿಗಲಿಲ್ಲ.

ವಿಡಿಯೋ ಎಲ್ಲರ ಫೋನಿಗೂ ಹೋಗಿದೆ. ಶಿರಹಟ್ಟಿಯವರು ನೋಡಿದ್ದಾರೆ, ಮಲ್ಲಸಮುದ್ರದ ಗೌಡರೂ ನೋಡಿದ್ದಾರಂತೆ. ಮುಮ್ತಾಜ ಮಾತ್ರ ಮದುಮಕ್ಕಳನ್ನು ಬಿಟ್ಟು ನನ್ನ ಮುಖ ಬಂದಲ್ಲಿಗೇ ತಂದು ನಿಲ್ಲಿಸುತ್ತಾಳೆ. ಮೊದಲ ಸಲ ನೋಡಿದಾಗ, ನಿಮ್ಮ ಗದ್ದಾ ಹಿಂಗ ನಡಗತೈತಿ ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ, ಅಂದಳು. ಮಾವನವರು ಕೊಟ್ಟುಹೋದ ಧೈರ್ಯವಂತನೆಂಬ ಹೆಸರು ಹೀಗೆ ಕಳೆದುಹೋಯಿತು. ಅಂದಿನಿಂದ ಅವಳು ನನಗೆ ಊಟಕ್ಕೆ ಬಡಿಸುವಾಗ ಸ್ವಲ್ಪ ಮೆತ್ತಗೆ ಮಾತಾಡುತ್ತಾಳೆ, ಅದನ್ನೂ ಹೇಳಬೇಕು.

ಮನೆಯಲ್ಲಿ ಇನ್ನು ಕಿರಿಮಗಳಿದ್ದಾಳೆ. ಅವಳ ಗಂಡ ಪೇಟ ಸುತ್ತಿಕೊಳ್ಳಲಿ, ಬರಿದಲೆಯಲ್ಲಿ ಬರಲಿ, ನನ್ನದೇನೂ ತಕರಾರಿಲ್ಲ. ಎತ್ತಿಟ್ಟ ಆ ನಮೂನೆಯ ಸೆಹರಾವನ್ನು ಅವಳ ಮದುವೆಗೆ ಕಟ್ಟಿಯೇ ಕಟ್ಟುತ್ತೇನೆ. ಅಳತೆ ಮಾತ್ರ ನನ್ನ ಹಣೆಯದು.